ರಾಗಿ ಸರಿಗೆ ಸೆಕ್ಯುರಿಟಿ ಚೆಕ್

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಮೀಸೆ ಬೋಳಿಸಿಕೊಳ್ಳುತ್ತೇನೆ. ಅಕ್ಕನ ಮಗಳು ಶಿಲ್ಪ ಕೂಸನ್ನೆತ್ತಿಕೊಂಡು ಮೈಸೂರಿನಿಂದ ಹೈದರಾಬಾದಿಗೆ ಹೊರಟಿದ್ದಳು. ವಿಮಾನ, ಕೂಸು ಎರಡನ್ನೂ ಪಳಗಿಸಬಲ್ಲವನು ಇಡೀ ರಾಮಕೃಷ್ಣನಗರದಲ್ಲಿ ನಾನೊಬ್ಬನೇ ಆದ್ದರಿಂದ ಜೊತೆಗೆ ಹೋದೆ.

ಸೆಕ್ಯುರಿಟಿಯ ಆಸಾಮಿ ಕೂಸಿನ ಊಟದ ಡಬ್ಬಿ ತೆರೆದು ಮೂಸಿದ. ಅವನ ಮುಖ ನೋಡಿದರೆ ಒಳಗೆ ಬಾಂಬೇ ಇರಬೇಕು ಅನ್ನಿಸುತ್ತಿತ್ತು.

"ಏನ್ರೀ ಇದು?"

"ರಾಗಿ ಸರಿ ಕಣ್ರೀ. ಬೆಲ್ಲ, ತುಪ್ಪ ಹಾಕಿದೆ. ನೀವೂ ಇದನ್ನೇ ತಿಂದು ಬೆಳೆದಿರ್ತೀರಿ" ಎಂದೆ.

"ಅದೆಲ್ಲ ಬೇಡ. ದೊಡ್ಡವರು ಯಾರಾದ್ರೂ ತಿಂದು ತೋರಿಸಿ. ರೂಲ್ಸು."

"ಮಾವ, ಪಾಪುಗೆ ಇರೋದು ಅಷ್ಟೇ, ನೋಡ್ಕೊಂಡು ತಿನ್ನಿ" ಎಂದಳು ಶಿಲ್ಪ.

ದೇಶದ ಭದ್ರತೆಯ ಪ್ರಶ್ನೆ ನೋಡಿ, ನಾನು ಹಿಂಜರಿಯಲಿಲ್ಲ. ಒಂದು ಚಮಚ ತಿಂದೆ. ಆಸಾಮಿಯ ಅನುಮಾನ ಹೋಗಲಿಲ್ಲ. ಇನ್ನೊಂದು ತಿಂದೆ. ತನಿಖೆ ಹೀಗೇ ಡಬ್ಬಿಯ ತಳದವರೆಗೂ ನಡೆಯಿತು. ಕೊನೆಗೆ ಖಾಲಿ ಡಬ್ಬಿಯನ್ನು ಮೆಷಿನ್ನಿನಲ್ಲಿ ಹಾಯಿಸಿ, "ಈಗ ಮಗುಗೆ ಕೊಡಬಹುದು" ಎಂದು ಅವನು ಗಂಭೀರವಾಗಿ ಅಪ್ಪಣೆ ಕೊಟ್ಟ.

ಹೈದರಾಬಾದಿನವರೆಗೂ ಕೂಸು ಅತ್ತಿತು. ಶಿಲ್ಪ ಖಾಲಿ ಡಬ್ಬಿಯನ್ನು ನನ್ನ ತೊಡೆಯ ಮೇಲೆ ಕುಕ್ಕಿದಳು.

ಒಂದೇ ಒಂದು ಸಣ್ಣ ವಿವರವನ್ನು ಮಾತ್ರ ನಾನು ಸೇರಿಸಿದ್ದು. ಮೊದಲ ಚಮಚಕ್ಕೇ ಆ ಪುಣ್ಯಾತ್ಮ "ಸಾಕು, ಹೋಗಿ" ಅಂದಿದ್ದ.