ಮೀನಿನ ತೊಟ್ಟಿಗೆ ಕಾಲು ಕೊಡುವ ಮಾಗ್ದಲೀನಾ

ಬೆಳಗಿನ ಆರು ಗಂಟೆ. ಮುಂಡಗೋಡ ತಾಲ್ಲೂಕಿನ ಪಾಳಾದಿಂದ ಒಳಗೆ ಹೋಗುವ ಮಣ್ಣಿನ ದಾರಿ ಮುಗಿಯುವಲ್ಲಿ ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದ ಸಿದ್ದಿಗಳ ಒಂದು ಕೇರಿ. ಒಲೆಗಳು ಈಗಷ್ಟೇ ಹೊಗೆಯಾಡುತ್ತಿವೆ. ಮಾಗ್ದಲೀನಾ ಸಿದ್ದಿ ಅಂಗಳದಲ್ಲಿ ಮಂಡಿಯೂರಿ ಕೂತು, ಮರದ ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಎಳೆಯುತ್ತಾರೆ. ಅಳತೆಗೆ ಗಂಟು ಹಾಕಿ, ಅದೇ ದಾರವನ್ನು ಇನ್ನೆರಡು ಮೂಲೆಗಳ ನಡುವೆ ಹಿಡಿಯುತ್ತಾರೆ. ಗಂಟು ಒಂದು ಅಕ್ಕಿಕಾಳಿನಷ್ಟು ಆಚೆ ಬೀಳುತ್ತದೆ. ಮರದ ಸುತ್ತಿಗೆಯಿಂದ ಮೂಲೆಗೆ ಎರಡು ಪೆಟ್ಟು ಕೊಟ್ಟು ಮತ್ತೆ ದಾರ ಹಿಡಿಯುತ್ತಾರೆ. ಈ ಸಲ ಗಂಟು ಸರಿಯಾಗಿ ಮೂಲೆಗೇ ಕೂರುತ್ತದೆ.

‘ಅಕ್ಕಿಕಾಳಿನಷ್ಟ ಐತೆಲ್ಲಾ ಅಂತ ನಾವು ಬಿಟ್ರ, ನೀರು ನಮ್ಮನ್ನ ಬಿಡಂಗಿಲ್ರಿ,’ ಎನ್ನುತ್ತಾರೆ ಅವರು. ‘ಕುರ್ಚಿ ಸೊಟ್ಟ ಆದ್ರ ಮನಷ್ಯಾ ಸರದ ಕುಂದರ್ತಾನು. ನೀರಿಗೆ ಸರದ ಕುಂದ್ರೂದು ಗೊತ್ತಿಲ್ಲ. ಗಾಜು ಒಡೀತೈತಿ.’

ನಲವತ್ತಮೂರರ ಮಾಗ್ದಲೀನಾ ಬಡಿಗರು. ಬಾಗಿಲು, ಕಿಟಕಿ, ಮಂಚ ಎಲ್ಲವನ್ನೂ ಮಾಡುತ್ತಾರಾದರೂ ಕೈ ಪಳಗಿರುವುದು ಅಕ್ವೇರಿಯಂ ಸ್ಟ್ಯಾಂಡಿನಲ್ಲಿ. ದಾಂಡೇಲಿ, ಜೋಯಿಡಾ ಕಡೆಯ ರೆಸಾರ್ಟುಗಳಲ್ಲಿ, ಹಳಿಯಾಳದ ದವಾಖಾನೆಗಳಲ್ಲಿ, ಮುಂಡಗೋಡದ ಅಂಗಡಿಗಳಲ್ಲಿ ಒಂಬತ್ತು ವರ್ಷಗಳಿಂದ ಇವರ ಕೈಯ ನೂರಾ ಹದಿನೇಳು ಸ್ಟ್ಯಾಂಡುಗಳು ನಿಂತಿವೆ. ಅವುಗಳ ಮೇಲಿನ ಬಣ್ಣದ ಮೀನುಗಳ ಜೊತೆ ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಳಗಿನ ಮರಗೆಲಸ ಯಾರದು ಎಂದು ಕೇಳಿದವರು ಒಬ್ಬರೂ ಇಲ್ಲ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಸಾಧಾರಣ ತೊಟ್ಟಿ ನೂರಾ ತೊಂಬತ್ತು ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು, ಮರಳು ಸೇರಿದರೆ ಎರಡೂವರೆ ಕ್ವಿಂಟಲ್. ಈ ಲೆಕ್ಕವನ್ನು ಮಾಗ್ದಲೀನಾಗೆ ಯಾವ ಶಾಲೆಯೂ ಹೇಳಿಕೊಡಲಿಲ್ಲ. ಹದಿನಾರನೇ ವಯಸ್ಸಿಗೇ ಹಳಿಯಾಳದ ಬಡಿಗ ನಾಗಲಿಂಗಪ್ಪ ಅವರ ಕಾರ್ಖಾನೆಗೆ ಹಲಗೆ ಹೊರುವ ಕೂಲಿಯಾಗಿ ಸೇರಿದವರು ಅವರು. ಹೊರುತ್ತ ಹೊರುತ್ತ ಯಾವ ಮರ ಎಷ್ಟು ತಾಳುತ್ತದೆ ಎಂಬುದು ಬೆನ್ನಿಗೇ ತಿಳಿಯಿತು. ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ಯಜಮಾನರು ಊಟಕ್ಕೆ ಎದ್ದಾಗ, ಅರ್ಧಕ್ಕೆ ನಿಂತಿದ್ದ ಕಿಟಕಿಯ ಮೂಲೆಗೆ ಕಚ್ಚು ಹಾಕಿ ಒಂದರೊಳಗೊಂದು ಕೂಡಿಸಿಬಿಟ್ಟರು. ನಾಗಲಿಂಗಪ್ಪ ವಾಪಸು ಬಂದು ನೋಡಿ, ‘ಯಾರು ಮಾಡಿದ್ರು ಇದನ್ನ?’ ಎಂದರು. ಬೈಗುಳ ಬೀಳುತ್ತದೆಂದು ಮಾಗ್ದಲೀನಾ ತಲೆ ತಗ್ಗಿಸಿದರು. ಯಜಮಾನರು ಉಳಿಯನ್ನು ಅವರ ಕೈಗಿಟ್ಟು, ‘ನಾಳಿಂದ ಹಲಗಿ ಹೊರಬ್ಯಾಡ,’ ಎಂದಷ್ಟೇ ಹೇಳಿದರು. ಇಪ್ಪತ್ತಮೂರು ವರ್ಷಗಳ ಹಿಂದಿನ ಆ ಮಾತು ಹೇಳುವಾಗ ಈಗಲೂ ಮಾಗ್ದಲೀನಾ ದನಿ ಮೆತ್ತಗಾಗುತ್ತದೆ.

ಜಗತ್ತು ನಾಗಲಿಂಗಪ್ಪನವರಷ್ಟು ಸಲೀಸಾಗಿ ಒಪ್ಪಲಿಲ್ಲ. ಅರಣ್ಯ ಇಲಾಖೆಯ ಡಿಪೋದಲ್ಲಿ ಮರ ಕೊಂಡು ಟೆಂಪೋದಲ್ಲಿ ತರುವಾಗ ದಾರಿಯಲ್ಲಿ ಯಾರು ತಡೆದರೂ ಮೊದಲು ಕೇಳುವುದು ‘ಎಲ್ಲಿ ಕಡಿದಿ?’ ಎಂದು. ರಸೀತಿ ತೋರಿಸಿದರೂ ತಿರುವಿ ತಿರುವಿ ನೋಡುತ್ತಾರೆ. ಅದೇ ಮರವನ್ನು ಸಿದ್ದಿಗಳಲ್ಲದವರು ತಂದರೆ ಗಾಡಿ ನಿಲ್ಲುವುದೂ ಇಲ್ಲ. ಬಡಿಗರಿಗೆ ಉಪಕರಣ ಕೊಡುವ ಯೋಜನೆ ಇದೆಯೆಂದು ಕಚೇರಿಯೊಂದಕ್ಕೆ ಅರ್ಜಿ ಹಾಕಿದರೆ, ಹೆಂಗಸೆಂಬ ಒಂದೇ ಕಾರಣಕ್ಕೆ ಹೊಲಿಗೆ ಯಂತ್ರದ ಪಟ್ಟಿಗೆ ಹೆಸರು ಸೇರಿಸಿ ಕಳಿಸಿದರು. ‘ನನಗ ಗುಂಡಿ ಹಚ್ಚಾಕ ಬರಂಗಿಲ್ರಿ,’ ಎಂದು ಮಾಗ್ದಲೀನಾ ನಗುತ್ತಾರೆ. ನಗಬೇಕಾದ ವಿಷಯ ಇದಲ್ಲ.

ಕಳೆದ ವರ್ಷ ದಾಂಡೇಲಿ ಸಮೀಪದ ಒಂದು ರೆಸಾರ್ಟಿನಲ್ಲಿ ನಡೆದದ್ದಂತೂ ಕೇಳಿದರೆ ಮೈ ಉರಿಯುತ್ತದೆ. ಅಲ್ಲಿನ ಒಳಾಂಗಣ ಕೆಲಸದ ಗುತ್ತಿಗೆ ಹಿಡಿದಿದ್ದವನು ಈರೇಶ. ಐದಡಿ ತೊಟ್ಟಿಗೆ ಸ್ಟ್ಯಾಂಡ್ ಮಾಡಿಕೊಡಲು ಮಾಗ್ದಲೀನಾಗೆ ಹೇಳಿದ್ದ. ಅಷ್ಟು ದೊಡ್ಡ ತೊಟ್ಟಿ ತುಂಬಿದರೆ ಏಳು ಕ್ವಿಂಟಲ್. ಅದಕ್ಕೇ ಅವರು ಆರು ಕಾಲು ಕೊಟ್ಟರು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಹಿಂದೊಂದು, ಮುಂದೊಂದು. ಭಾರ ಸ್ಕ್ರೂಗಳ ಮೇಲೆ ಬೀಳದಂತೆ, ಮೇಲಿನ ಚೌಕಟ್ಟು ನೇರ ಕಾಲುಗಳ ಮೇಲೇ ಕೂರುವಂತೆ ಕಚ್ಚು ಹಾಕಿದರು. ಗಾಜಿನ ತಳಕ್ಕೆ ಹಾಸಲು ಥರ್ಮಾಕೋಲ್ ಹಾಳೆಯನ್ನೂ ಕತ್ತರಿಸಿ ಕಳಿಸಿದರು.

ನೀರು ತುಂಬಿದ ನಾಲ್ಕನೇ ದಿನ ತೊಟ್ಟಿ ಒಡೆಯಿತು. ಐನೂರಕ್ಕೂ ಹೆಚ್ಚು ಲೀಟರ್ ನೀರು ರೆಸಾರ್ಟಿನ ಮುಂಭಾಗದ ತುಂಬ ಹರಿಯಿತು. ಗಂಟೆಯೊಳಗೆ ಈರೇಶ ಸುತ್ತಲಿನ ಗುತ್ತಿಗೆದಾರರ ವಾಟ್ಸ್ಯಾಪ್ ಗುಂಪಿಗೆ ಎರಡು ನಿಮಿಷದ ದನಿಸಂದೇಶ ಹಾಕಿದ. ಪಾಳಾದ ಮಾಗ್ದಲೀನಾ ಸಿದ್ದಿ ಎಂದು ಹೆಸರು, ಊರು, ಜಾತಿ ಮೂರನ್ನೂ ಹೇಳಿ, ‘ಇಂಥವರ ಕಡೆ ಕೆಲಸ ಮಾಡಿಸಿದ್ರ ಹಿಂಗ ಆಗೂದು, ಯಾರೂ ಮಾಡಸಬ್ಯಾಡ್ರಿ,’ ಎಂದಿದ್ದ. ಅದೇ ವಾರ ಮಾಗ್ದಲೀನಾ ಅವರ ಮೂರು ಕೆಲಸಗಳು ಕೈತಪ್ಪಿದವು.

‘ಎರಡು ದಿವಸ ಉಂಡಿಲ್ರಿ ನಾನು,’ ಎನ್ನುತ್ತಾರೆ ಅವರು. ‘ನನ್ನ ಕೆಲಸದಾಗ ಎಲ್ಲಿ ತಪ್ಪು ಆತು ಅಂತ ಮನಸಿನ್ಯಾಗ ಮತ್ತ ಮತ್ತ ಆ ಸ್ಟ್ಯಾಂಡು ಬಿಚ್ಚೀನಿ, ಜೋಡಿಸೇನಿ. ತಪ್ಪು ಸಿಗಲಿಲ್ಲ.’ ಮೂರನೇ ದಿನ ಗಂಡ ಸೈಮನ್, ‘ಇಲ್ಲೇ ಕುಂತ ಯಾಕ ಸುಡತಿ? ಹೋಗಿ ಕಣ್ಣಿಲೆ ನೋಡೂಣು ನಡಿ,’ ಎಂದರು. ಇಬ್ಬರೂ ಮೂರು ಬಸ್ಸು ಬದಲಿಸಿ ಅಲ್ಲಿಗೆ ಹೋದರು.

ಈ ಕಡೆಯ ರೆಸಾರ್ಟುಗಳಲ್ಲಿ ಅತಿಥಿಗಳಿಗೆಂದು ಸಂಜೆ ಸಿದ್ದಿ ಕುಣಿತ ಇಡುವುದುಂಟು. ಗೇಟಿನಲ್ಲಿದ್ದ ಕಾವಲುಗಾರ ಇವರ ಮುಖ ನೋಡಿದ್ದೇ, ‘ಡ್ಯಾನ್ಸಿನವ್ರೇನು? ಪ್ರೋಗ್ರಾಂ ಸಂಜಿಗೈತಿ. ಹಿಂದಿನ ಗೇಟಿಗೆ ಹೋಗ್ರಿ,’ ಎಂದ. ಮಾಗ್ದಲೀನಾ ಚೀಲದಿಂದ, ಮಟ್ಟ ಸರಿಯಿದೆಯೇ ಎಂದು ಗಾಳಿಗುಳ್ಳೆಯಿಂದ ತೋರಿಸುವ ರಸಮಟ್ಟ ತೆಗೆದು ತೋರಿಸಿದರು. ‘ಕುಣಿಯಾಕ ಬಂದಿಲ್ಲಪಾ. ನಾ ಬಡಿಗತಿ. ಮುರದ ಸ್ಟ್ಯಾಂಡು ನೋಡಾಕ ಬಂದೇನಿ.’

ಸ್ಟ್ಯಾಂಡು ಅಡುಗೆಮನೆಯ ಹಿಂದೆ ಬಿದ್ದಿತ್ತು. ಮಾಗ್ದಲೀನಾ ಅದನ್ನು ತಿರುವಿ ಹಾಕಿದರು. ಕಣ್ಣಿಗೆ ಬೀಳದ ತಳಭಾಗಕ್ಕೂ ಎರಡು ಸಲ ಪಾಲಿಶ್ ಹಚ್ಚುವುದು ಅವರ ಪದ್ಧತಿ. ಆ ಕಂದು ಬಣ್ಣದ ನಡುವೆ ಎರಡು ಕಡೆ ಹಸಿ ಬಿಳುಪು ಕಂಡಿತು. ಕರಗಸದ ಹೊಸ ಗಾಯ. ನಡುವಿನ ಎರಡೂ ಕಾಲುಗಳು ಇರಲಿಲ್ಲ. ಸೈಮನ್ ಸುತ್ತ ಹುಡುಕಿದಾಗ, ಅತಿಥಿಗಳ ಕ್ಯಾಂಪ್‌ಫೈರಿಗೆಂದು ಒಟ್ಟಿದ್ದ ಕಟ್ಟಿಗೆಯಲ್ಲಿ ಎರಡೂ ಸಿಕ್ಕವು.

ಮ್ಯಾನೇಜರ್ ಬಂದರು. ಈರೇಶನೂ ಅಲ್ಲೇ ಇದ್ದ. ಇಬ್ಬರ ಮುಂದೆಯೇ ಮಾಗ್ದಲೀನಾ ಕಾಲುಗಳನ್ನು ಕತ್ತರಿಸಿದ ಜಾಗಕ್ಕೆ ಹಿಡಿದರು. ಮರದ ಗೆರೆಗೆ ಗೆರೆ ಕೂಡಿತು.

‘ನಾ ಕೊಟ್ಟದ್ದು ಆರು ಕಾಲು. ಕೊಯ್ದವರು ಯಾರು, ಈರೇಶಣ್ಣಾ?’

ಮ್ಯಾನೇಜರೇ ಬಾಯಿಬಿಟ್ಟರು. ‘ನಡುವಿನ ಕಾಲು ಫೋಟೋದಲ್ಲಿ ಅಡ್ಡ ಬರ್ತಿತ್ತು. ತೆಗೆದರೆ ಏನೂ ಆಗಲ್ಲ ಅಂತ ಈರೇಶ ಅವರೇ ಹೇಳಿದ್ರು.’

ಈರೇಶ ನೆಲ ನೋಡುತ್ತ, ‘ಆತು ಬಿಡವಾ, ಆಗಿದ್ದು ಆಗಿ ಹೋತು. ಮುಂದಿನ ಕೆಲಸಾ ನಿನಗ ಕೊಡ್ತೇನಿ,’ ಎಂದ.

‘ಬಿಡಾಂಗಿಲ್ಲ. ಮುಂದಿನ ಕೆಲಸ ಬ್ಯಾಡ. ನನ್ನ ಯಾರ ಯಾರ ಮುಂದ ಬೈದಿ, ಅವರ ಮುಂದನ ಹೇಳು. ಈಗ ಹೇಳು, ನಾ ಇಲ್ಲೇ ನಿಂತಿರ್ತೇನಿ.’

ಈರೇಶ ಹೇಳಿದ, ಅಲ್ಲೇ ನಿಂತು, ಅದೇ ಗುಂಪಿಗೆ. ‘ಸ್ಟ್ಯಾಂಡಿಂದು ಸ್ವಲ್ಪ ಮಿಸ್ಟೇಕ್ ಆಗಿತ್ತು, ಈಗ ಎಲ್ಲಾ ಕ್ಲಿಯರ್ ಐತಿ.’ ಇಷ್ಟೇ. ಬೈಯುವಾಗ ಹೆಸರು, ಊರು, ಜಾತಿಗೆ ಎರಡು ನಿಮಿಷವಿತ್ತು. ತಪ್ಪು ತನ್ನದೆಂದು ಒಪ್ಪಬೇಕಾದಾಗ ಒಂಬತ್ತು ಸೆಕೆಂಡು, ಅದರಲ್ಲಿ ಯಾರ ಹೆಸರೂ ಇಲ್ಲ. ಕೈತಪ್ಪಿದ ಮೂರು ಕೆಲಸಗಳಲ್ಲಿ ಒಂದೂ ವಾಪಸು ಬರಲಿಲ್ಲ.

ಸಮಾಧಾನ ಮಾಡಲೆಂದು ಮ್ಯಾನೇಜರ್ ಆಡಿದ ಮಾತು ಇನ್ನೂ ಘೋರ. ‘ಇಷ್ಟು ದೂರ ಬಂದಿದ್ದೀರಿ. ಸಂಜೆ ಪ್ರೋಗ್ರಾಂ ಇದೆಯಲ್ಲ, ಅದರಲ್ಲಿ ಸೇರಿಕೊಳ್ಳಿ.’ ಕತ್ತರಿಸಿದ ಕಾಲನ್ನು ಕೈಯಲ್ಲಿ ಹಿಡಿದು ನಿಂತ ಬಡಿಗತಿಗೆ ಹೇಳುವ ಮಾತೇ ಇದು?

‘ಕುಣಿತ ನಮ್ಮ ಹಬ್ಬಕ್ಕ, ನಮ್ಮ ಮದವಿಗೆ ಐತ್ರಿ,’ ಎಂದು ಮಾಗ್ದಲೀನಾ ಉತ್ತರಿಸಿದರು. ‘ಅಲ್ಲಿ ಬಂದು ನೋಡ್ರಿ, ಬೆಳತನಕ ಕುಣೀತೇನಿ. ನಿಮ್ಮ ಮಂದಿ ಉಂಡದ್ದು ಅರಗಸಾಕ ಅಲ್ಲ.’ ಆಮೇಲೆ ಅಂಗಳದಲ್ಲಿ ಕೂತು ಇದನ್ನೆಲ್ಲ ಹೇಳುವಾಗ ಅವರು ಒಂದು ಮಾತು ಸೇರಿಸುತ್ತಾರೆ. ‘ಅಲ್ಲಿ ಹೋಗಿ ಕುಣಿಯೋ ನಮ್ಮವರಿಗೆ ನಾ ಏನೂ ಅನ್ನಂಗಿಲ್ರಿ. ಹೊಟ್ಟಿ ಎಲ್ಲಾರಿಗೂ ಐತಿ. ಆದ್ರ ನಮ್ಮ ಮುಖ ನೋಡಿದ ಕೂಡಲೇ ಅದೊಂದ ನೆನಪಾಗತೈತೆಲ್ಲ, ಅದಕ್ಕ ಸಿಟ್ಟು.’

ಎರಡು ತಿಂಗಳು ಫೋನು ಮೌನವಾಗಿತ್ತು. ಹಾಗಿರುವಾಗ ಸನವಳ್ಳಿಯ ಶಾಲಾ ಶಿಕ್ಷಕಿ ಸ್ವಪ್ನಾ ಕರೆ ಮಾಡಿದರು. ಮನೆಯಲ್ಲಿ ಮೂರಡಿಯ ತೊಟ್ಟಿ ಇತ್ತು, ಸ್ಟ್ಯಾಂಡ್ ಇರಲಿಲ್ಲ. ‘ಆ ಮೆಸೇಜು ಯಾರೋ ಕಳಿಸಿ ನನಗೂ ಬಂದಿತ್ರಿ ಮಾಗ್ದಲೀನಾಬಾಯಿ,’ ಎಂದು ಸ್ವಪ್ನಾ ನೇರವಾಗಿ ಹೇಳಿದರು. ‘ಏನಾತು ಅಂತ ನಿಮ್ಮ ಬಾಯಿಂದನ ಕೇಳಬೇಕು.’ ಕೇಳಿದ ಮೇಲೆ, ‘ಹಂಗಾರ ಯಾವ ಕಾಲು ಯಾಕ ಬೇಕು ಅಂತ ನನಗೂ ತಿಳೀಲಿ. ಸ್ಟ್ಯಾಂಡು ನಾನ ಮಾಡ್ತೇನಿ. ನೀವು ಕಲಿಸ್ರಿ,’ ಎಂದರು.

ಮೊದಲಿಗೆ ಮಾಗ್ದಲೀನಾಗೆ ನಂಬಿಕೆ ಬರಲಿಲ್ಲ. ಕೂಲಿಗೆ ಕರೆದವರಿದ್ದರು, ಕುಣಿಯಲು ಕರೆದವರಿದ್ದರು. ಕಲಿಸಲು ಕರೆದವರು ಇವರೇ ಮೊದಲು. ಎರಡು ಭಾನುವಾರ ಸ್ವಪ್ನಾ ಅವರ ಪಡಸಾಲೆಯಲ್ಲಿ ಕೆಲಸ ನಡೆಯಿತು. ಅಳೆದದ್ದು, ಕೊಯ್ದದ್ದು, ಕಚ್ಚು ಹಾಕಿದ್ದು ಎಲ್ಲವೂ ಸ್ವಪ್ನಾ ಕೈಯಿಂದಲೇ. ಮಾಗ್ದಲೀನಾ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ‘ಅಕ್ಕೋರ, ಗೆರಿ ಮ್ಯಾಲ ಕೊಯ್ಯಬ್ಯಾಡ್ರಿ, ಗೆರಿ ಆಚೆ ಕೊಯ್ರಿ. ಹೆಚ್ಚಿಗಿದ್ರ ತಗೀಬಹುದು, ಕಡಿಮಿ ಬಿದ್ರ ಹಚ್ಚಾಕ ಬರಂಗಿಲ್ಲ.’ ಒಂದು ಕಾಲು ಹಾಳಾಯಿತು. ಸ್ವಪ್ನಾ ಮತ್ತೊಂದು ಮಾಡಿದರು.

ಅಲ್ಲಿಂದೀಚೆಗೆ ಏಳು ಮನೆಗಳಲ್ಲಿ ಹೀಗೇ ಆಗಿದೆ. ಮನೆಯವರೇ ಮಾಡುತ್ತಾರೆ, ಮಾಗ್ದಲೀನಾ ಕಲಿಸುತ್ತಾರೆ, ಕಲಿಸಿದ್ದಕ್ಕೆ ಸಂಬಳ ಪಡೆಯುತ್ತಾರೆ. ಈರೇಶನ ಕಡೆಯಿಂದ ಎರಡು ಸಲ ಫೋನು ಬಂದಿತ್ತು. ಎತ್ತಲಿಲ್ಲ.

ಸ್ವಪ್ನಾ ಅವರ ಸ್ಟ್ಯಾಂಡು ನಿಂತ ದಿನ ತೊಟ್ಟಿಗೆ ಕೊಡ ಕೊಡವಾಗಿ ನೀರು ಹಾಕಿದರು. ಅರ್ಧ ತುಂಬಿದಾಗ ಒಮ್ಮೆ, ಪೂರ್ತಿ ತುಂಬಿದಾಗ ಒಮ್ಮೆ ಮಾಗ್ದಲೀನಾ ರಸಮಟ್ಟ ಇಟ್ಟು ನೋಡಿದರು. ಗುಳ್ಳೆ ನಡುವಿನಿಂದ ಕದಲಲಿಲ್ಲ. ಮರುದಿನ ಬೆಳಿಗ್ಗೆ ಮೀನು ಬಿಡುವಾಗ ಸ್ವಪ್ನಾ, ಮಾಗ್ದಲೀನಾ ಅವರನ್ನು ಮತ್ತೆ ಕರೆಸಿ, ತೊಟ್ಟಿಯ ಎದುರಿಗೇ ಕುರ್ಚಿ ಹಾಕಿ ಕೂರಿಸಿದರು. ನೂರಾ ಹದಿನೇಳು ಸ್ಟ್ಯಾಂಡು ಮಾಡಿದ ಹೆಣ್ಣುಮಗಳು, ಸ್ಟ್ಯಾಂಡಿನ ಮೇಲೆ ಮೀನು ಆಡುವುದನ್ನು ಕೂತು ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಎಲ್ಲ ಕಡೆ ಖಾಲಿ ಸ್ಟ್ಯಾಂಡು ಇಳಿಸಿ, ಹಿಂದಿನ ಬಾಗಿಲಿನಿಂದಲೇ ಹೊರಟು ಬಂದಿದ್ದರು.

ಹೊರಡುವಾಗ ಮಾಗ್ದಲೀನಾ ಬಾಗಿಲಲ್ಲಿ ನಿಂತು ಹೇಳಿದರು: ‘ಅಕ್ಕೋರ, ಯಾರರ ಕೇಳಿದ್ರ ಇದು ನೀವ ಮಾಡಿದ್ದು ಅಂತ ಹೇಳ್ರಿ. ಅದು ಖರೇನ ಐತಿ. ಕಲಿಸಿದಾಕಿ ಯಾರು ಅಂತ ಕೇಳಿದ್ರ ಮಾತ್ರ, ನನ್ನ ಹೆಸರು ಪೂರ್ತಿ ಹೇಳ್ರಿ.’