ಕಡ್ಡಾಯ ಒಪ್ಪದ ದರ್ಜಿ

ನಮ್ಮ ಬೀದಿಯ ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರೂ ವಾದ ನಿಲ್ಲಿಸುವುದಿಲ್ಲ. ಮಕ್ಕಳಿಗೆ ಲಸಿಕೆ ಕಡ್ಡಾಯ ಎಂದು ಯಾರಾದರೂ ಅಂದರೆ ಸಾಕು, ಹೊಲಿಗೆ ಯಂತ್ರ ನಿಂತು ಅವನ ಬಾಯಿ ಓಡುತ್ತದೆ. "ಲಸಿಕೆ ಒಳ್ಳೇದೇ ಕಣಕ್ಕಾ, ನಾನು ಬೇಡ ಅಂದ್ನಾ? ಕಡ್ಡಾಯ ಅನ್ನೋದ್ಯಾಕೆ?" ಎನ್ನುತ್ತಾ ನನ್ನ ರವಿಕೆಯ ಒಂದು ತೋಳನ್ನು ಮೊಣಕೈವರೆಗೆ, ಇನ್ನೊಂದನ್ನು ಮಣಿಕಟ್ಟಿನವರೆಗೆ ಹೊಲಿದಿದ್ದಾನೆ. ಲಸಿಕೆ ಹಾಕುವ ನರ್ಸಮ್ಮ ಅಂಗಡಿಗೆ ಬಂದರಂತೂ ಬೀದಿಯೆಲ್ಲ ಕಿವಿಯಾಗುತ್ತದೆ. "ನೀವು ಹಾಕಿಸ್ದೇ ಇದ್ರೆ ಪಕ್ಕದ ಮನೆ ಕೂಸಿಗೂ ರೋಗ ಬರುತ್ತಲ್ಲಣ್ಣ, ಆ ಕೂಸನ್ನ ಯಾರು ಕೇಳಿದ್ರು?" ಎಂದು ಆಕೆ ಕೇಳಿದರೆ, ಇವನು ಉತ್ತರ ಹುಡುಕುತ್ತಾ ಗಿರಾಕಿಯ ಬಟ್ಟೆಗೆ ತನ್ನ ಅಂಗಿಯ ಅಂಚನ್ನೂ ಸೇರಿಸಿ ಹೊಲಿದುಬಿಡುತ್ತಾನೆ. ಇಷ್ಟಾದರೂ, ಸೂಜಿ ಹಾಕುವಾಗ ಅಂಗಿ ಕಳಚಿ ಚಳಿಗೆ ನಡುಗಬಾರದೆಂದು ಬೀದಿಯ ಮಕ್ಕಳ ಅಂಗಿಗೆಲ್ಲ ಎಡತೋಳಷ್ಟೇ ಬಿಚ್ಚಿಕೊಳ್ಳುವಂತೆ ಗುಂಡಿ ಇಟ್ಟು ಕೊಡುವವನು ಇವನೇ. ಲಸಿಕೆ ಹಾಕಿಸದೆ ಇವನ ಮೊಮ್ಮಗಳನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಶಾಲೆಯವರು ಹೇಳಿದ ಮೇಲೆ, ಮೊನ್ನೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕವೇ ಕುಳಿತಿದ್ದ. ನರ್ಸಮ್ಮ ಹತ್ತಿರ ಬಂದಾಗ, "ಚಿಕ್ಕಂದಿನಲ್ಲಿ ನನ್ನನ್ನ ನಾಲ್ಕು ಜನ ನೆಲಕ್ಕೆ ಒತ್ತಿ ಹಿಡಿದು ಚುಚ್ಚಿದ್ರಮ್ಮ. ಹಾಕ್ಲಾ ಅಂತ ಒಬ್ರೂ ಕೇಳ್ಲಿಲ್ಲ" ಎಂದ. ಆಕೆ ಸೂಜಿಯನ್ನು ತಟ್ಟೆಯಲ್ಲಿಟ್ಟು, ಮಂಡಿಯೂರಿ, "ಹಾಕ್ಲಾ ಪುಟ್ಟಿ?" ಎಂದು ಮಗುವನ್ನೇ ಕೇಳಿದಳು. ಮಗು ಹೂಂ ಎಂದಿತು. ಅಳು ಬಂದದ್ದು ಅಜ್ಜನಿಗೆ.