ಎಂಟ್ರಿಗಳ ಕಾಲದಲ್ಲಿ ನನ್ನ ಹೆಣ್ಣುದನಿ

ನನಗೆ ಎರಡು ದನಿಗಳಿವೆ. ಒಂದು ಗಂಡುದನಿ, ಅದರಿಂದ ಈವರೆಗೆ ಒಂದು ಖಾಸಗಿ ಬಸ್ಸನ್ನೂ ನಿಲ್ಲಿಸಲು ಆಗಿಲ್ಲ. ಇನ್ನೊಂದು ಹೆಣ್ಣುದನಿ. ಓರಗೆಯ ಹುಡುಗರ ಗಂಟಲೆಲ್ಲ ಒಡೆದ ವಯಸ್ಸಿನಲ್ಲಿ ನನ್ನದು ಅರ್ಧ ಮಾತ್ರ ಒಡೆಯಿತು. ಉಳಿದ ಅರ್ಧವನ್ನು ಜೋಪಾನ ಮಾಡಿಕೊಂಡು, ಮಧುಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ರಜಾದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಹಾಡುತ್ತ ಐವತ್ತರ ಹತ್ತಿರ ಬಂದಿದ್ದೇನೆ. ಯುಗಳಗೀತೆಯ ನಾಯಕನೂ ನಾನೇ, ನಾಯಕಿಯೂ ನಾನೇ. ಮೈಕು ಬಲಗೈಯಲ್ಲಿದ್ದರೆ ಗಂಡು, ಎಡಗೈಗೆ ಬಂದರೆ ಹೆಣ್ಣು. ನಮ್ಮ ಕಡೆ ಇದಕ್ಕೆ ಡಬಲ್ ವಾಯ್ಸ್ ಅನ್ನುತ್ತಾರೆ.

ಒಮ್ಮೆ ಶಿರಾದ ಮದುವೆಯೊಂದರಲ್ಲಿ ಹಾಡಿ ಮುಗಿಸಿ ಪರದೆಯ ಹಿಂದೆ ನೀರು ಕುಡಿಯುತ್ತಿದ್ದೆ. ಅತ್ತರು ಪೂಸಿಕೊಂಡ ಹಿರಿಯರೊಬ್ಬರು ಗುಲಾಬಿ ಹಿಡಿದು ಒಳಗೆ ಬಂದರು.

"ಅರೇ ಭಾಯ್, ಹಾಡಿದ್ರಲ್ಲ, ಆ ಬೇಟಿ ಕಿಧರ್?"

"ನಾನೇ ಸಾಬ್."

ಅವರು ನನ್ನ ಮೀಸೆಯನ್ನು ನೋಡಿದರು. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದರು. "ತೌಬಾ ತೌಬಾ" ಎಂದು ಗುಲಾಬಿಯನ್ನು ತಬಲದವನಿಗೆ ಕೊಟ್ಟು ಹೊರಟುಹೋದರು.

ಇಂಥ ಅವಮಾನಗಳನ್ನು ನಾನು ಬಹುಮಾನವೆಂದೇ ಎಣಿಸುತ್ತೇನೆ. ಯಾಕೆಂದರೆ ಗಂಡುದನಿಯಲ್ಲಿ ನಾನು ಏನು ಹೇಳಿದರೂ ಜನ "ಆಂ?" ಅನ್ನುತ್ತಾರೆ. ಕಚೇರಿಯಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ. ಹೆಣ್ಣುದನಿ ಎತ್ತಿದರೆ ಮಾತ್ರ ಉಣ್ಣುತ್ತಿದ್ದವರು ಅಗಿಯುವುದನ್ನು ನಿಲ್ಲಿಸುತ್ತಾರೆ. ಈ ಭೂಮಿಯ ಮೇಲೆ ನನ್ನನ್ನು ನಾಲ್ಕು ಜನ ಕೇಳಿಸಿಕೊಳ್ಳುವ ಜಾಗ ಅದೊಂದೇ. ಆ ದನಿ ಹೋಗಿಬಿಟ್ಟರೆ ಎಂಬ ಚಿಂತೆ ನನ್ನ ಚಿಂತೆಗಳ ಸಾಲಿನಲ್ಲಿ ಸಕ್ಕರೆ ಕಾಯಿಲೆ, ಗ್ಯಾಸ್ ಸೋರಿಕೆಗಳಿಗಿಂತ ಮೇಲಿದೆ.

ದನಿ ಹೋಗಲಿಲ್ಲ. ಅದಕ್ಕಿದ್ದ ಕೆಲಸ ಹೋಯಿತು.

ನಮ್ಮ ಆರ್ಕೆಸ್ಟ್ರಾದ ಯಜಮಾನ ಕೊರಟಗೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು, ಕೀಬೋರ್ಡ್ ನುಡಿಸುತ್ತಾನೆ, ನನಗಿಂತ ಹತ್ತು ವರ್ಷ ಚಿಕ್ಕವನು. ಯಾರದೋ ಪಹಣಿಯನ್ನು ಯಂತ್ರಕ್ಕೆ ತೂರಿಸುತ್ತ ಒಂದು ದಿನ ಅಂದ: "ಅಣ್ಣಾ, ಈಗ ಪಾರ್ಟಿಯೋರು ಹಾಡು ಕೇಳ್ತಿಲ್ಲ ಕಣಣ್ಣ. ಎಂಟ್ರಿ ಕೇಳ್ತಾವ್ರೆ. ಗಂಡು ಬರೋವಾಗ ಹೊಗೆ ಬುಡ್ಬೇಕು, ಬೀಜಿಎಂ ಅಂತ ಹಿನ್ನೆಲೆ ಮ್ಯೂಸಿಕ್ ಹಾಕ್ಬೇಕು, ಒಬ್ರು ಮೈಕಲ್ಲಿ ಗರ್ಜಿಸ್ಬೇಕು."

"ಯುಗಳಗೀತೆ?"

"ಈಗಿನ ಸಿನಿಮಾದಾಗೆ ಹೀರೋಯಿನ್ನೇ ಇಲ್ವಲ್ಲ. ಡ್ಯೂಯೆಟ್ ಯಾರ್ ಜೊತೆ ಹಾಡ್ತೀಯ, ಕೊಡ್ಲಿ ಜೊತೆನಾ?"

ನಾನು ನಂಬಲಿಲ್ಲ. ಪರಿಶೀಲಿಸದೆ ಸಹಿ ಹಾಕುವ ಗುಮಾಸ್ತ ನಾನಲ್ಲ. ಮಧುಗಿರಿಯ ಟಾಕೀಸಿನಲ್ಲಿ ಒಂದಾದ ಮೇಲೊಂದು ಮೂರು ಆಕ್ಷನ್ ಸಿನಿಮಾ ನೋಡಿದೆ. ಯಾವುದು ಯಾವುದೆಂದು ಈಗ ನನಗೇ ಗೊತ್ತಿಲ್ಲ. ಮೂರರಲ್ಲೂ ಕರೆಂಟು ಹೋಗಿತ್ತು. ಎಲ್ಲರೂ ಇದ್ದಿಲ ಮೂಟೆ ಹೊತ್ತು ಬಂದವರಂತಿದ್ದರು. ನಾಯಕ ಮಾತಾಡುವುದಿಲ್ಲ, ಅವನ ಬಗ್ಗೆ ಮಿಕ್ಕವರು ಮಾತಾಡುತ್ತಾರೆ. "ಅವನು ಯಾರು ಗೊತ್ತಾ?" ಎಂದು ಒಬ್ಬ ಇನ್ನೊಬ್ಬನನ್ನು ಕೇಳುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಆಮೇಲೆ ನಾಯಕ ನಡೆದು ಬರುತ್ತಾನೆ. ಬರುತ್ತಲೇ ಇರುತ್ತಾನೆ. ಅಷ್ಟರಲ್ಲಿ ನಮ್ಮ ಕೊರಟಗೆರೆ ಬಸ್ಸು ಗೊರವನಹಳ್ಳಿಗೆ ಹೋಗಿ, ಭಕ್ತರನ್ನು ಇಳಿಸಿ ವಾಪಸ್ಸು ಬಂದಿರುತ್ತದೆ.

ಹೊಡೆದಾಟ ಶುರುವಾದ ಮೇಲೆ ನನಗೆ ಸಿನಿಮಾ ಕಾಣಿಸುವುದಿಲ್ಲ, ಕಡತಗಳು ಕಾಣಿಸುತ್ತವೆ. ಇಷ್ಟೊಂದು ಹೆಣಗಳಿಗೆ ಮಹಜರು ಬರೆಯುವವರು ಯಾರು? ಮರಣ ಪ್ರಮಾಣಪತ್ರ ಯಾವ ಪಂಚಾಯಿತಿಯಿಂದ? ಗಾಳಿಯಲ್ಲಿ ಹಾರಿದ ಜೀಪುಗಳ ವಿಮೆ ಚಾಲ್ತಿಯಲ್ಲಿತ್ತೆ? ಇಷ್ಟೆಲ್ಲ ತಲೆ ಕೆಡಿಸಿಕೊಂಡು ಕೂತರೆ, ಕೊನೆಯಲ್ಲಿ ಕಥೆ ಮುಗಿದಿಲ್ಲ, ಎರಡನೇ ಭಾಗಕ್ಕೆ ಬನ್ನಿ ಎಂದು ಕಳಿಸುತ್ತಾರೆ. "ಮುಂದಿನ ವಾರ ಬನ್ನಿ" ಎಂದು ಜನರನ್ನು ಕಳಿಸಿಯೇ ಸಂಬಳ ತಿನ್ನುವವನು ನಾನು. ಆ ಮಾತನ್ನು ಟಿಕೆಟ್ ಕೊಂಡು ಕೇಳಿದ್ದು ಅದೇ ಮೊದಲು.

ನಾಯಕಿ ಇದ್ದಳು. ಮೊದಲ ಸಿನಿಮಾದಲ್ಲಿ ಕಾಫಿ ತಂದಿಟ್ಟು ಹೋದಳು. ಎರಡನೆಯದರಲ್ಲಿ ಅವಳ ಫೋಟೋಗೆ ಹಾರ ಹಾಕಿತ್ತು. ಮೂರನೆಯದರಲ್ಲಿ ಕಿಟಕಿಯಲ್ಲಿ ನಿಂತು ಅತ್ತಳು, ಅದೂ ಸದ್ದಿಲ್ಲದೆ. ಯಜಮಾನ ಹೇಳಿದ್ದು ನಿಜ. ನನ್ನ ಎಡಗೈ ನಿರುದ್ಯೋಗಿಯಾಗಿತ್ತು.

ಅವನೊಂದಿಗೆ ಒಪ್ಪಂದವಾಯಿತು. ಪ್ರತಿ ಕಾರ್ಯಕ್ರಮದಲ್ಲಿ ನಾನು ಗರ್ಜಿಸಬೇಕು. ಬದಲಿಗೆ ಒಂದೇ ಒಂದು ಯುಗಳಗೀತೆಯನ್ನು ನನಗೆ ಉಳಿಸಿಕೊಡಬೇಕು. ಮೊದಲ ಪರೀಕ್ಷೆ ವೈ.ಎನ್. ಹೊಸಕೋಟೆಯಲ್ಲಿ, ಒಂದು ಬೀಗರ ಊಟದಲ್ಲಿ.

ಹದಿನೈದು ದಿನ ಗರ್ಜನೆಯ ಅಭ್ಯಾಸ ಮಾಡಿದೆ. ಬಚ್ಚಲುಮನೆಯಲ್ಲಿ ಶುರು ಮಾಡಿದರೆ ಹೊರಗಿನಿಂದ ಹೆಂಡತಿ, "ರೀ, ದಿನಾ ಬಾಳೆಹಣ್ಣು ತಿನ್ನಿ ಅಂದ್ರೆ ಕೇಳಲ್ಲ, ಈಗ ನೋಡಿ!" ಎಂದಳು. ಆಮೇಲೆ ಸ್ಕೂಟರಿನಲ್ಲಿ, ಹೆಲ್ಮೆಟ್ಟಿನೊಳಗೆ. ಅದರಲ್ಲಿ ಗರ್ಜಿಸಿದರೆ ಎಲ್ಲವೂ ನಮ್ಮ ಕಿವಿಗೇ ಬೀಳುತ್ತದೆ. ಕೊರಟಗೆರೆ ತಲುಪುವಷ್ಟರಲ್ಲಿ ನನಗೇ ನನ್ನ ಭಯವಾಗುತ್ತಿತ್ತು. ಒಂದು ಭಾನುವಾರ ದಾರಿಯಲ್ಲಿ ಇಳಿದು ಬಯಲಿನಲ್ಲಿ ನಿಂತು ಬಾಯಿಬಿಟ್ಟೆ. ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಓಡಿ ಬಂದ.

"ಯಾಕ್ ಸಾಮಿ, ಎದೆ ಹಿಡ್ಕಂತಾ?"

"ಇಲ್ಲಪ್ಪ. ಗರ್ಜನೆ."

"ಯಾರ್ಗೆ?"

"ಮದುವೆ ಗಂಡಿಗೆ."

ಅವನು ಕುರಿಗಳ ಕಡೆ ತಿರುಗಿ ನೋಡಿದ. "ಅಂಗಾರೆ ಸರಿ ಬುಡಿ. ನನ್ ಕುರಿ ಒಂದೂ ತಲೆ ಎತ್ಲಿಲ್ಲ, ಅದ್ಕೇ ಕೇಳ್ದೆ."

ಕುರಿ ಹೆದರಲಿಲ್ಲ, ಗಂಟಲು ಹೆದರಿತು. ಹೊಸಕೋಟೆಗೆ ಹೊರಡುವ ಹೊತ್ತಿಗೆ ಒಳಗೆ ಯಾರೋ ಉಪ್ಪುಕಾಗದ ಉಜ್ಜಿದಂತಿತ್ತು. ಮೆಣಸಿನ ಕಷಾಯ ಕುಡಿದೆ, ಅರಿಸಿನದ ಹಾಲು ಕುಡಿದೆ, ದಾರಿಯುದ್ದಕ್ಕೂ ಮೌನವ್ರತ ಹಿಡಿದೆ. ಪಾವಗಡ ದಾಟುವಾಗ ಎಡಗೈಯಲ್ಲಿ ಮೈಕಿದೆಯೆಂದುಕೊಂಡು ಸಣ್ಣಗೆ ಒಂದು ಸಾಲು ಗುನುಗಿದೆ. ಬಂತು, ಆದರೆ ಸವೆದ ದಾರದಂತೆ ಬಂತು. ಇದರಲ್ಲಿ ಇನ್ನು ಎಷ್ಟು ಗರ್ಜನೆ ಉಳಿದಿದೆ, ಎಷ್ಟು ಹಾಡು ಉಳಿದಿದೆ ಎಂದು ಲೆಕ್ಕ ಹಾಕುತ್ತಲೇ ಊರು ಮುಟ್ಟಿದೆ.

ಗಂಡಿನ ಮನೆಯ ಮುಂದೆ ಶಾಮಿಯಾನ. ಹೊರಗೆ ಮಾಂಸದ ಸಾರಿನ ವಾಸನೆ, ಒಳಗೆ ಹೊಗೆ ಯಂತ್ರದ ವಾಸನೆ. ಗಂಡಿನ ತಾತ ಕೀಬೋರ್ಡಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು, ಜೀವಮಾನವೆಲ್ಲ ಕಡಲೆಕಾಯಿ ಬೆಳೆದವರು, ಮಾತಿನಲ್ಲಿ ಅರ್ಧ ತೆಲುಗು. "ಬೀಜಿಎಂ ರೆಡಿನಾ?" ಎಂದು ಯಾರೋ ಕೂಗಿದ್ದು ಅವರ ಕಿವಿಗೆ ಬಿತ್ತು.

"ಬೀಜಿಎಮ್ಮಾ? ಅದೇಮಿ ತಳಿ ಸಾಮಿ? ನಮ್ ಮಳೆಗೆ ಕಾಯಿ ಕಟ್ತದಾ?"

"ತಳಿ ಅಲ್ಲ ತಾತ, ಬರೀ ಸದ್ದು," ಎಂದ ಯಜಮಾನ.

"ಓಹೋ. ಸದ್ದೇ? ಕಾಯಿ ಲೇದಾ?"

ಮೂರು ಸಿನಿಮಾ ನೋಡಿಯೂ ನನಗೆ ಹೇಳಲು ಬಾರದಿದ್ದುದನ್ನು ಅವರು ಕುರ್ಚಿ ಬಿಟ್ಟೇಳದೆ ಹೇಳಿ ಮುಗಿಸಿದರು.

ಎಂಟ್ರಿ ಶುರುವಾಯಿತು. ಹೊಗೆಯೊಳಗಿಂದ ಗಂಡು ಕೆಮ್ಮುತ್ತ ಬಂದ, ನಾನು ಗರ್ಜಿಸಿದೆ. ಸಿಳ್ಳೆ ಬಿತ್ತು. ವಿಡಿಯೋದವನಿಗೆ ಸರಿಯಾಗಿ ಸಿಗಲಿಲ್ಲವೆಂದು ಗಂಡನ್ನು ವಾಪಸ್ಸು ಕಳಿಸಿ ಇನ್ನೊಮ್ಮೆ ಬರಿಸಿದರು, ಇನ್ನೊಮ್ಮೆ ಗರ್ಜಿಸಿದೆ. ಆಮೇಲೆ ಗಂಡಿನ ಭಾವನಿಗೆ ಒಂದು, ಚಿಕ್ಕಪ್ಪನಿಗೆ ಒಂದು. ಐದನೆಯದು ಗಂಡಿನ ಸೋದರಮಾವನಿಗೆ, ಅವನು ರಸ್ತೆ ಕಾಂಟ್ರಾಕ್ಟರು. ಕಪ್ಪು ಕನ್ನಡಕ ಹಾಕಿಕೊಂಡು ಶಾಮಿಯಾನದ ಬಾಗಿಲಲ್ಲಿ ಹೊಗೆಗೆ ಕಾಯುತ್ತ ನಿಂತಿದ್ದ.

ಆಗ ಹಿರಿಯ ಹೆಂಗಸೊಬ್ಬರು ಸ್ಟೇಜಿನ ಪಕ್ಕ ಬಂದರು, ಹೆಣ್ಣಿನ ದೊಡ್ಡಮ್ಮನಂತೆ. "ಯಪ್ಪಾ, ಹೆಣ್ಣು ದನಿಯಾಗೆ ಹಾಡೋರು ನೀವೇನಾ? ನಮ್ ಹುಡುಗಿ ಯಾರ್ದೋ ಮದ್ವೆನಾಗೆ ಕೇಳಿದ್ಲಂತೆ. ಆ ಜೋಡಿ ಹಾಡು ಹಾಡ್ಬೇಕಂತೆ. ಬೆಳಗಿಂದ ಅವ್ಳು ಕೇಳಿದ್ದು ಅದೊಂದೇ ಕಣಪ್ಪ."

ತಿರುಗಿ ನೋಡಿದೆ. ಮದುವಣಗಿತ್ತಿ ಮೊದಲಿನಿಂದಲೂ ಅಲ್ಲೇ ಕೂತಿದ್ದಳು. ಅವಳಿಗೆ ಎಂಟ್ರಿ ಇರಲಿಲ್ಲ. ಯಾವಾಗ ಬಂದು ಕೂತಳೋ ನಾನೂ ಗಮನಿಸಿರಲಿಲ್ಲ.

ಗಂಟಲು ಮುಟ್ಟಿ ನೋಡಿಕೊಂಡೆ. ಎರಡಕ್ಕೂ ಸಾಲುವಷ್ಟು ಅದರಲ್ಲಿ ಉಳಿದಿರಲಿಲ್ಲ. ಬಾಗಿಲ ಕಡೆ ಹೊಗೆ ಎದ್ದಿತು. ಯಜಮಾನ ಕಣ್ಣಿನಲ್ಲೇ "ಹೂಂ, ಗರ್ಜಿಸು" ಎಂದ. ನಾನು ಮೈಕನ್ನು ಎಡಗೈಗೆ ತೆಗೆದುಕೊಂಡೆ.

"ಶ್ರುತಿ ಎರಡು ಮನೆ ಕೆಳಗಿಳ್ಸು," ಎಂದೆ.

"ಅಣ್ಣಾ, ಮಾವ ನಿಂತವ್ನೆ..."

"ಮೂರು ಇಳ್ಸು."

ಜೀವನದಲ್ಲಿ ಮೊದಲ ಸಲ ಗಂಡುದನಿಯಲ್ಲಿ ಹೇಳಿದ್ದನ್ನು ಒಬ್ಬ "ಆಂ?" ಅನ್ನದೆ ಕೇಳಿದ. ಶ್ರುತಿ ಇಳಿಯಿತು. ಹೆಣ್ಣಿನ ಸಾಲಿನಿಂದಲೇ ಶುರು ಮಾಡಿದೆ. ಬಂದದ್ದು ಹದಿನೆಂಟರ ನಾಯಕಿಯಲ್ಲ. ನೆಗಡಿಯಾದ, ಎರಡು ಬಾಣಂತನ ಮುಗಿಸಿದ, ಸೊಸೆಯ ಮೇಲೆ ಸಣ್ಣ ಅಸಮಾಧಾನವಿದ್ದ ಹೆಂಗಸೊಬ್ಬಳು ಹಾಡುತ್ತಿದ್ದಳು. ಎತ್ತರದ ಸ್ವರದಲ್ಲಿ ದನಿ ಪೂರಾ ಕೈಕೊಟ್ಟಿತು, ಬರೀ ಉಸಿರು ಹೋಯಿತು. ನಾನು ನಿಲ್ಲಿಸಲಿಲ್ಲ. ಉಸಿರಿನಲ್ಲೇ ದಾಟಿ ಮುಂದಿನ ಸಾಲಿಗೆ ಬಂದೆ. ಮದುವಣಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗೇಲಿಗೋ ಸಂತೋಷಕ್ಕೋ, ಈಗಲೂ ಗೊತ್ತಿಲ್ಲ. ಪಂಕ್ತಿಯಲ್ಲಿ ಮಾತ್ರ ಮೂಳೆ ಕಡಿಯುವ ಸದ್ದು ನಿಂತಿತ್ತು.

ಹೊಗೆ ಖರ್ಚಾಗುತ್ತಿತ್ತು. ಸೋದರಮಾವ ಎಷ್ಟು ಹೊತ್ತೆಂದು ಕಾದಾನು? ನನ್ನ ಹೆಣ್ಣುದನಿಗೇ ಹೆಜ್ಜೆ ಹಾಕಿಕೊಂಡು ಒಳಗೆ ಬಂದ. ಆ ಲಾಲಿತ್ಯದ ತಾಳಕ್ಕೆ ಅವನ ಗತ್ತಿನ ನಡಿಗೆ ಕೂಡಲಿಲ್ಲ. ಎರಡು ಹೆಜ್ಜೆಗೇ ಸೊಂಟ ತಾನಾಗಿ ಬಳುಕಿತು. ಜನ ಬಿದ್ದು ಬಿದ್ದು ನಕ್ಕರು. ಅವನು ಕನ್ನಡಕ ತೆಗೆದ, ತಾನೂ ನಕ್ಕ, ನೇರವಾಗಿ ಮದುವಣಗಿತ್ತಿಯ ಹತ್ತಿರ ಹೋಗಿ, "ಊಟ ಆಯ್ತೇನಮ್ಮ?" ಎಂದು ಕೇಳಿದ.

ವಾಪಸ್ಸು ಬರುವಾಗ, ಮಡಕಶಿರಾ ಕಡೆಯ ಕವಲು ದಾಟಿದ ಮೇಲೆ ಯಜಮಾನ ಅಂದ: "ಹೀರೋಯಿನ್ ಹೋದ್ಲು ಕಣಣ್ಣ. ಅತ್ತೆ ಬಂದವ್ಳೆ."

ನನಗೆ ಮಾತಾಡಲು ದನಿ ಉಳಿದಿರಲಿಲ್ಲ. ಇನ್ನು ಮೇಲೆ ಗರ್ಜಿಸುವುದಿಲ್ಲವೆಂದು ಜೇಬಿನಲ್ಲಿದ್ದ ಚೀಟಿಯ ಮೇಲೆ ಬರೆದು ತೋರಿಸಿದೆ. ಅವನು ಓದಿ ಮಡಿಸಿಟ್ಟುಕೊಂಡ. ಮುಂದಿನ ಎರಡು ಕಾರ್ಯಕ್ರಮಗಳಿಗೆ ನನ್ನನ್ನು ಕರೆಯಲಿಲ್ಲ. ಶಿರಾಕ್ಕೆ ಬೇರೆ ಯಾರನ್ನೋ ಕರೆದುಕೊಂಡು ಹೋದನಂತೆ, ಟಗರು ವ್ಯಾಪಾರಿ, ಒಳ್ಳೆಯ ಗಂಟಲಂತೆ. ನಾನು ದಿನಕ್ಕೆ ನಾಲ್ಕು ಸಲ ಫೋನಿಗೆ ಸಿಗ್ನಲ್ ಇದೆಯೇ ಎಂದು ನೋಡಿದೆ.

ಮೊನ್ನೆ ಫೋನು ಬಂತು. "ಅಣ್ಣಾ, ಕೊರಟಗೆರೆನಾಗೆ ಒಂದು ನಾಮಕರಣ. ಹೊಸಕೋಟೆ ವಿಡಿಯೋ ನೋಡಿದ್ರಂತೆ, ತೊಟ್ಟಿಲ ಹಾಡಿಗೆ ಆ ಅತ್ತೆ ದನೀನೇ ಬೇಕಂತೆ. ಬರ್ತೀಯಾ?"

"ಮೊದಲು ಹೇಳು," ಎಂದೆ. "ಮಗುವಿಗೆ ಎಂಟ್ರಿ ಇದೆಯಾ?"

ಅವನ ಹಿಂದೆ ಜೆರಾಕ್ಸ್ ಯಂತ್ರ ಓಡುವ ಸದ್ದು ಕೇಳಿಸುತ್ತಿತ್ತು.

"ಐತೆ ಕಣಣ್ಣ. ಆದ್ರೆ ಗರ್ಜನೆ ಬ್ಯಾಡ ಅಂದವ್ರೆ. ಮಗ ಬೆಚ್ಚಿ ಬೀಳ್ತದೆ."